ಬಾವುಟ ಕಟ್ಟಿದವಳಿಗೆ

ಮಗಳೇ, ನಿನ್ನೆಯವರೆಗೂ ವೇದಿಕೆ ಮೇಲೆ ಯಾರನ್ನು ಬೈಯುತ್ತಿದ್ದರೋ ಅವರ ಕೊರಳಿಗೇ ನಿನ್ನ ನಾಯಕರು ಹಾರ ಹಾಕಿದ್ದನ್ನು ಟೀವಿಯಲ್ಲಿ ನೋಡಿದಾಗಿನಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ನಿಮ್ಮಮ್ಮ ಹೇಳಿದಳು. ‘ರಾಜಕೀಯ ಅಂದ್ರೆ ಇಷ್ಟೇ ಕಣಮ್ಮ, ಬಿಟ್ಹಾಕು’ ಎಂದು ನಾನು ಹೇಳುವುದಿಲ್ಲ. ನಂಬಿ ದುಡಿದವರ ಬಾಯಿ ಮುಚ್ಚಿಸಲು ಎಲ್ಲ ಪಕ್ಷದ ಮುಖಂಡರೂ ಬಳಸಿಕೊಂಡು ಬಂದ ಮಾತು ಅದು. ನಿನಗೆ ನೋವಾಗಿರುವುದು ನ್ಯಾಯವಾಗಿಯೇ ಇದೆ. ಬಿಸಿಲಲ್ಲಿ ಮನೆಮನೆ ಸುತ್ತಿದವಳು, ಬೂತಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತವಳು ನೀನು. ಮೈತ್ರಿ ಮಾಡಿಕೊಳ್ಳುವಾಗ ನಿನ್ನನ್ನು ಒಂದು ಮಾತು ಕೇಳಿದವರಿಲ್ಲ.

ಇದು ನಿನ್ನೊಬ್ಬಳ ಪಾಡಲ್ಲ. ನಮ್ಮ ರಾಜ್ಯದ ಮೂರೂ ದೊಡ್ಡ ಪಕ್ಷಗಳ ಕಾರ್ಯಕರ್ತರು ಇದನ್ನು ಸರದಿಯ ಮೇಲೆ ನುಂಗಿದ್ದಾರೆ. 2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಚುನಾವಣೆಯಲ್ಲಿ ಪರಸ್ಪರ ಕಾದಾಡಿದ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಧರ್ಮಸಿಂಗ್ ಅವರನ್ನು ಮುಖ್ಯಮಂತ್ರಿ ಮಾಡಿದವು. ಎರಡು ವರ್ಷ ತುಂಬುವ ಮೊದಲೇ, 2006ರ ಫೆಬ್ರುವರಿಯಲ್ಲಿ, ಜೆಡಿಎಸ್ ಬಿಜೆಪಿ ಜೊತೆ ಸರ್ಕಾರ ಕಟ್ಟಿತು. 2018ರಲ್ಲಿ ಮತ್ತೆ ಕಾಂಗ್ರೆಸ್ ಜೊತೆ ಸರ್ಕಾರ, 2023ರಲ್ಲಿ ಮತ್ತೆ ಬಿಜೆಪಿ ಜೊತೆ ಮೈತ್ರಿ. ಪ್ರತಿ ಸಲವೂ ಯಾವುದೋ ಊರಿನ ಅರಳಿಕಟ್ಟೆಯಲ್ಲಿ ನಿನ್ನಂಥ ಒಬ್ಬಳು, ನಿನ್ನಂಥ ಒಬ್ಬ ತಲೆ ತಗ್ಗಿಸಿ ಕೂತಿದ್ದಾರೆ.

ಆದರೆ ರಾಜಿಗಳೆಲ್ಲ ಒಂದೇ ಅಲ್ಲ. ನಾನು ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ಎದುರಾಳಿಯ ಜೊತೆ ಕೂತದ್ದೇ ತಪ್ಪು ಎನ್ನುವುದಾದರೆ ಅಂಬೇಡ್ಕರ್ ಅವರನ್ನು ಏನೆನ್ನೋಣ? 1932ರಲ್ಲಿ ಗಾಂಧೀಜಿ ಉಪವಾಸ ಕೂತಾಗ, ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಟ್ಟು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. 1945ರಲ್ಲಿ, ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕವನ್ನೇ ಬರೆದರು. ಅದಾದ ಎರಡೇ ವರ್ಷಕ್ಕೆ ನೆಹರೂ ಸಂಪುಟದಲ್ಲಿ ಕಾನೂನು ಮಂತ್ರಿ! ದೇಶ ವಿಭಜನೆಯಿಂದ ಬಂಗಾಳದ ಸ್ಥಾನ ಹೋದಾಗ, ಅವರನ್ನು ಮುಂಬಯಿಯಿಂದ ಸಂವಿಧಾನ ಸಭೆಗೆ ಮತ್ತೆ ಆರಿಸಿ ಕಳಿಸಿದ್ದೂ ಅದೇ ಕಾಂಗ್ರೆಸ್. ಅವರ ಜೊತೆಗಾರರಲ್ಲಿ ಎಷ್ಟೋ ಜನರಿಗೆ ಎದೆ ಒಡೆದಿರಬೇಕು. ಆದರೆ ಅವರು ಒಳಗೆ ಹೋಗಿ ಮಾಡಿದ್ದೇನು? 1947ರ ಆಗಸ್ಟಿನಲ್ಲಿ ಕರಡು ಸಮಿತಿಯ ಅಧ್ಯಕ್ಷರಾದರು, ಅಸ್ಪೃಶ್ಯತೆಯನ್ನು ಅಳಿಸುವ 17ನೇ ವಿಧಿಯಿರುವ ಸಂವಿಧಾನವನ್ನು ರೂಪಿಸಿದರು. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು ಕೊಡಲು ಹೊರಟಿದ್ದ ಹಿಂದೂ ಕೋಡ್ ಬಿಲ್ಲನ್ನು ಸರ್ಕಾರ ಕೈಬಿಟ್ಟಾಗ, 1951ರಲ್ಲಿ, ರಾಜೀನಾಮೆ ಕೊಟ್ಟು, ಕಾರಣಗಳನ್ನು ಬರಹದಲ್ಲೇ ಜನರ ಮುಂದಿಟ್ಟು ಹೊರಬಂದರು. ಯಾಕೆ ಒಳಗೆ ಹೋದರು, ಯಾಕೆ ಹೊರಗೆ ಬಂದರು, ಎರಡೂ ಕಣ್ಣಿಗೆ ಕಾಣುವ ಹಾಗಿದೆ.

ಎಡಪಕ್ಷಗಳ ಕತೆಯನ್ನೂ ನೋಡು. ಕೇರಳದಲ್ಲೂ ಬಂಗಾಳದಲ್ಲೂ ಕಾಂಗ್ರೆಸ್ಸಿನ ಜೊತೆ ಬೀದಿಯಲ್ಲಿ ಬಡಿದಾಡಿದವರು 2004ರಲ್ಲಿ ಸುಮಾರು 60 ಸಂಸದರೊಂದಿಗೆ ಮನಮೋಹನ್ ಸಿಂಗ್ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟರು. ಮಂತ್ರಿಗಿರಿ ಕೇಳಲಿಲ್ಲ. ಕನಿಷ್ಠ ಸಾಮಾನ್ಯ ಕಾರ್ಯಕ್ರಮವೆಂಬ ಪತ್ರ ಅಚ್ಚಾಯಿತು. ಅದರಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಮಾತಿತ್ತು. 2005ರಲ್ಲಿ ಆ ಕಾನೂನೂ ಮಾಹಿತಿ ಹಕ್ಕಿನ ಕಾನೂನೂ ಬಂದವು. ನಮ್ಮೂರಿನ ಹೆಂಗಸರು ಜಾಬ್ ಕಾರ್ಡ್ ಹಿಡಿದು ಕೆರೆ ಹೂಳೆತ್ತಲು ಹೋಗಿದ್ದು ಆ ಕಾನೂನಿನಿಂದ. ಅಣು ಒಪ್ಪಂದವನ್ನು ಒಪ್ಪಲಾರೆವೆಂದು 2008ರ ಜುಲೈನಲ್ಲಿ ಬೆಂಬಲ ಹಿಂತೆಗೆದರು. ಆ ನಿರ್ಧಾರ ಸರಿಯೋ ತಪ್ಪೋ, ನೀನು ನಿನ್ನ ಗೆಳತಿಯರ ಜೊತೆ ವಾದ ಮಾಡು. ಕಾರಣ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಇದರ ಪಕ್ಕದಲ್ಲಿ 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಕಟ್ಟಿದ ನಮ್ಮ ಟ್ವೆಂಟಿ-ಟ್ವೆಂಟಿ ಸರ್ಕಾರವನ್ನು ಇಟ್ಟು ನೋಡು. ಆ ಒಪ್ಪಂದದಲ್ಲಿ ಜನರ ಬಾಯಲ್ಲಿ ಉಳಿದದ್ದು ಒಂದೇ: ನಿಮಗೆ 20 ತಿಂಗಳು, ನಮಗೆ 20 ತಿಂಗಳು. ಕುರ್ಚಿ ಬಿಡುವ ದಿನ ಬಂದಾಗ ಅದೂ ನಿಲ್ಲಲಿಲ್ಲ. 2007ರ ನವೆಂಬರಿನಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಒಂದೇ ವಾರಕ್ಕೆ ಇಳಿದರು. ಮರುವರ್ಷದ ಚುನಾವಣೆಯಲ್ಲಿ ಬಿಜೆಪಿ 110ಕ್ಕೆ ಏರಿತು, ಜೆಡಿಎಸ್ 28ಕ್ಕೆ ಇಳಿಯಿತು. ತಿಂಗಳನ್ನಷ್ಟೇ ಹಂಚಿಕೊಂಡ ರಾಜಿಯನ್ನು ನಾನು ಒಪ್ಪುವುದಿಲ್ಲ, ನೀನೂ ಒಪ್ಪಬೇಡ.

2019ರದು ಇನ್ನೊಂದು ಪಾಠ. ಲೋಕಸಭೆಗೆ ಕಾಂಗ್ರೆಸ್ 21, ಜೆಡಿಎಸ್ 7 ಸ್ಥಾನ ಎಂದು ಮೇಲಿನವರು ಹಂಚಿಕೊಂಡರು. ಗೆದ್ದದ್ದು ತಲಾ ಒಂದು, ಬಿಜೆಪಿ 25. ಮಂಡ್ಯದಲ್ಲಿ ಮೈತ್ರಿ ಅಭ್ಯರ್ಥಿಯ ಎದುರು ಪಕ್ಷೇತರರಾಗಿ ನಿಂತ ಸುಮಲತಾ ಗೆದ್ದರು; ಕಾಂಗ್ರೆಸ್ ಕಾರ್ಯಕರ್ತರು ಅನೇಕರು ಅವರ ಪರವಾಗಿಯೇ ಓಡಾಡಿದರು. ಆಶ್ಚರ್ಯವೇನಿದೆ? ಹಳೇ ಮೈಸೂರಿನ ಹಳ್ಳಿಗಳಲ್ಲಿ ಆ ಎರಡು ಪಕ್ಷದವರೇ ತಲೆಮಾರಿನಿಂದ ಎದುರುಬದುರು. ಪಂಚಾಯ್ತಿ ಎಲೆಕ್ಷನ್ನಿನ ಜಗಳ, ಠಾಣೆಯ ಕೇಸು, ಮಾತು ಬಿಟ್ಟ ದಾಯಾದಿಗಳು. ಬೆಂಗಳೂರಿನಲ್ಲಿ ಕೈ ಕುಲುಕಿದರೆ ಕೇಸು ವಜಾ ಆಗುವುದಿಲ್ಲ.

ಇದನ್ನು ನೀನು ಗಟ್ಟಿಯಾಗಿ ಹಿಡಿದುಕೋ, ಕಣಮ್ಮ. ನಾಯಕರು ರಾಜಿಯಾಗಬಹುದು, ಅದು ಅವರಿಗೆ ಒಂದು ಮಧ್ಯಾಹ್ನದ ಕೆಲಸ. ಪಕ್ಷಕ್ಕಾಗಿ ನೀನು ಕಡಿದುಕೊಂಡ ನೆಂಟಸ್ತಿಕೆಯನ್ನು ಅವರು ಬಂದು ಕೂಡಿಸಿಕೊಡುವುದಿಲ್ಲ. ಸಿದ್ಧಾಂತಕ್ಕಾಗಿ ವಾದ ಮಾಡು, ಅನ್ಯಾಯ ಕಂಡರೆ ಧರಣಿ ಕೂರು. ಎದುರು ಮನೆಯವರು ಇನ್ನೊಂದು ಬಾವುಟ ಕಟ್ಟಿದ್ದಾರೆಂದು ಅವರ ಮಗಳ ಮದುವೆಗೆ ಹೋಗದೆ ಇರಬೇಡ.

ಪಕ್ಷ ಬಿಡುತ್ತೇನೆ ಎಂದೆಯಂತೆ. ಬಿಡುವ ಹಕ್ಕು ನಿನಗಿದೆ. ಬಿಡುವ ಮುಂಚೆ ಒಂದು ಕೆಲಸ ಮಾಡು. ಮುಂದಿನ ತಾಲ್ಲೂಕು ಸಭೆಗೆ ಹೋಗಿ ಕೇಳು: ಒಪ್ಪಂದ ಬರಹದಲ್ಲಿದೆಯೇ? ನಾವು ಮನೆಮನೆಗೆ ಹಂಚಿದ ಪ್ರಣಾಳಿಕೆಯಲ್ಲಿ ಯಾವುದನ್ನು ಬಿಟ್ಟುಕೊಟ್ಟಿರಿ, ಯಾವುದನ್ನು ಉಳಿಸಿಕೊಂಡಿರಿ? ಯಾವ ವಿಷಯ ಬಂದರೆ ಹೊರಗೆ ಬರುತ್ತೀರಿ? ನಮ್ಮೂರಿನ ಹುಡುಗರ ಮೇಲಿನ ಕೇಸುಗಳ ಗತಿಯೇನು? ಉತ್ತರ ನೇರವಾಗಿ ಬಂದರೆ, ಮನಸ್ಸಿಗೆ ಪೂರ್ತಿ ಹಿಡಿಸದಿದ್ದರೂ, ಒಂದು ವರ್ಷ ಕಾದು ನೋಡು. ‘ಹೈಕಮಾಂಡ್ ತೀರ್ಮಾನ’ ಎಂದಷ್ಟೇ ಹೇಳಿದರೆ ನೀನು ಹೊರಬರುವುದಕ್ಕೆ ನನ್ನ ತಕರಾರಿಲ್ಲ. ಮೈಕು ಕೊಡದಿದ್ದರೆ ಇದೇ ಪ್ರಶ್ನೆಗಳನ್ನು ಬರೆದು, ಬೂತಿನಲ್ಲಿ ನಿನ್ನ ಜೊತೆ ಕೂತವರೆಲ್ಲರ ಸಹಿ ಹಾಕಿಸಿ, ಅಧ್ಯಕ್ಷರ ಕೈಗೇ ಕೊಡು. ನಕಲಿನ ಮೇಲೆ ತಲುಪಿದ ತಾರೀಖು ಬರೆಸಿಕೊಳ್ಳುವುದನ್ನು ಮರೆಯಬೇಡ.