ಊದಿದ ಕೀಲಿಗೆ ಮೊದಲು ಸೂಜಿ, ಆಮೇಲೆ ಹೆಸರು

1. ರಕ್ತದ ವರದಿ ನೋಡಿ ಗೌಟ್ ಎನ್ನಬೇಡಿ. "ಯೂರಿಕ್ ಆಸಿಡ್ 8 ಬಂದಿದೆ ಡಾಕ್ಟ್ರೇ, ಬೇಳೆ, ಟೊಮೆಟೊ ಎಲ್ಲ ಬಿಟ್ಬಿಟ್ಟೆ" ಎನ್ನುತ್ತ ಬರುವವರಲ್ಲಿ ಎಷ್ಟೋ ಮಂದಿಗೆ ಇರುವುದು ಬರೀ ಮಂಡಿ ಸವೆತ. ಅತ್ತ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಗುಲಿದರೂ ಚೀರುವವರ ವರದಿ ಆ ಹೊತ್ತಿಗೆ ಸರಿಯಾಗಿಯೇ ಇರಬಹುದು. ನೋವಿಳಿದು ಎರಡು ವಾರ ಕಳೆದ ಮೇಲೆ ಮತ್ತೆ ನೋಡಿ. ಬಿ.ಪಿ.ಗೆ ನೀರಿಳಿಸುವ ಮಾತ್ರೆ ನುಂಗುತ್ತಿದ್ದಾರೆಯೇ, ಅದನ್ನೂ ಕೇಳಿ.

2. ಕೀಲಿನ ನೀರು ತೆಗೆಯಿರಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿಯೊಬ್ಬರಿಗೆ ಮೂರನೇ ದಿನ ಜ್ವರ, ಮಂಡಿ ಊತ. ವಾರ್ಡಿನವರೆಲ್ಲ ಕೀವು ಎಂದೇ ತೀರ್ಮಾನಿಸಿದ್ದರು. ಸಿರಿಂಜಿಗೆ ಬಂದದ್ದು ಅಕ್ಕಿ ತೊಳೆದ ನೀರಿನಂಥ ಮಬ್ಬು ದ್ರವ. ಪೋಲರೈಜ್ಡ್ ಸೂಕ್ಷ್ಮದರ್ಶಕದಡಿ ಚಿಕ್ಕ ಚಿಕ್ಕ ವಜ್ರಾಕೃತಿಗಳು, ಹೊಳಪು ಮಂದ: ಕ್ಯಾಲ್ಸಿಯಂ ಪೈರೋಫಾಸ್ಫೇಟ್. ಯೂರೇಟ್ ಆಗಿದ್ದರೆ ಸೂಜಿಯಂತೆ ಚೂಪಾಗಿ ಫಳಫಳ ಹೊಳೆಯುತ್ತಿತ್ತು. ಕಾಂಪೆನ್ಸೇಟರಿನ ಗೆರೆಗೆ ಸಮಾನಾಂತರವಾಗಿ ಮಲಗಿದ ಯೂರೇಟ್ ಹಳದಿ, ಪೈರೋಫಾಸ್ಫೇಟ್ ನೀಲಿ. ಮೆಕಾರ್ಟಿ ಮತ್ತು ಹಾಲಂಡರ್ ಕೀಲಿನ ನೀರಿನಲ್ಲಿ ಯೂರೇಟ್ ಹರಳನ್ನು ಹೀಗೆ ಗುರುತಿಸಿ ತೋರಿಸಿದ್ದು 1961ರಲ್ಲಿ. ಇಂದಿಗೂ ಎಷ್ಟೋ ಕಡೆ ಆ ಸೂಕ್ಷ್ಮದರ್ಶಕವಿಲ್ಲ. ಇದ್ದ ಕಡೆ ಧೂಳು ಹಿಡಿದಿರುತ್ತದೆ. ಅಜ್ಜಿಯ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ.

3. ಹರಳು ಕಂಡಿತೆಂದು ಕಲ್ಚರ್ ಕೈಬಿಡಬೇಡಿ. ಈ ತಪ್ಪು ನಾನೇ ಮಾಡಿದ್ದೇನೆ. ಸಕ್ಕರೆ ಕಾಯಿಲೆಯ ರೈತರೊಬ್ಬರ ಮಂಡಿಯಲ್ಲಿ ಯೂರೇಟ್ ಸೂಜಿಗಳು ಕಂಡ ಖುಷಿಯಲ್ಲಿ, ಕಲ್ಚರಿಗೆ ಕಳಿಸದೆ ಸ್ಟೀರಾಯ್ಡ್ ಕೊಟ್ಟೆ. ಎರಡು ದಿನಕ್ಕೆ ಅದೇ ಮಂಡಿಯಿಂದ ಕೀವು ಬಂತು. ಹರಳು, ಸೋಂಕು ಎರಡೂ ಒಂದೇ ಕೀಲಿನಲ್ಲಿ ಇರಬಲ್ಲವು.

4. ಯೂರೇಟ್ ಗಂಟಿನ ತುಣುಕನ್ನು ಫಾರ್ಮಲಿನ್‌ಗೆ ಹಾಕಬೇಡಿ, ಹರಳು ಕರಗಿಹೋಗುತ್ತದೆ. ಆಲ್ಕೋಹಾಲ್ ಇರಲಿ.

5. ಕೀಲಿನಾಚೆಗೂ ಕಣ್ಣು ಹಾಯಿಸಿ. ರಾತ್ರೋರಾತ್ರಿ ಭುಜ ಎತ್ತಲಾಗದಂತಾದರೆ ಎಕ್ಸ್‌ರೇಯಲ್ಲಿ ಸ್ನಾಯುರಜ್ಜುವಿನ ಸುಣ್ಣ ಹುಡುಕಿ. ಈ ಹೈಡ್ರಾಕ್ಸಿಅಪಟೈಟ್ ಹರಳು ಪೋಲರೈಜ್ಡ್ ಬೆಳಕಿಗೆ ಸಿಗದು. ವಯಸ್ಸಾದವರಿಗೆ ಜ್ವರ, ಕತ್ತು ನೋವು ಬಂದಾಗ ಮೆದುಳುಜ್ವರವೆಂದು ಬೆದರುತ್ತೇವೆ. ಬೆದರಲೇಬೇಕು. ಆದರೆ ಕತ್ತಿನ ಎರಡನೇ ಮೂಳೆಯ ಸುತ್ತ ಸುಣ್ಣ ಕೂತಿದೆಯೇ ಎಂದು ಸಿ.ಟಿ.ಯಲ್ಲಿ ನೋಡಿ.

6. ಅರವತ್ತರೊಳಗಿನವರಲ್ಲಿ ಪೈರೋಫಾಸ್ಫೇಟ್ ಸಿಕ್ಕರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಾಂಶ, ಪ್ಯಾರಾಥೈರಾಯ್ಡ್ ಹಾರ್ಮೋನ್ ಇಷ್ಟನ್ನೂ ಪರೀಕ್ಷೆಗೆ ಬರೆಯಿರಿ.