ಅಜ್ಜಯ್ಯನ ಹೆಸರಿನ ಪಹಣಿ: ಸಣ್ಣ ಕೃಷಿಕರು ತಿಳಿದಿರತಕ್ಕ ಹಕ್ಕುಗಳು

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಬೈಲುಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತವನ್ನೂ, ಅದು ಕೊಯ್ಲಾದ ಮೇಲೆ ಉದ್ದನ್ನೋ ನೆಲಗಡಲೆಯನ್ನೋ ಬೆಳೆದು, ಮನೆಯ ಸುತ್ತಿನ ತೆಂಗು ಅಡಿಕೆಗಳಿಂದ ಕೈಖರ್ಚನ್ನು ನೀಗಿಸಿಕೊಳ್ಳುವ ಸಣ್ಣ ಹಿಡುವಳಿದಾರನಿಗೆ ಸರಕಾರವೂ ಸಹಕಾರ ಸಂಘಗಳೂ ಒದಗಿಸುವ ನೆರವು ಇಂದು ಅಲ್ಪವಾದುದಲ್ಲ. ಆದರೆ ಆ ನೆರವು ದುಡಿಯುವ ಕೈಯನ್ನು ನೋಡಿ ಬರುವುದಿಲ್ಲ, ಪಹಣಿಯ ಹೆಸರನ್ನು ನೋಡಿ ಬರುತ್ತದೆ. ಪಹಣಿ ತೀರಿಕೊಂಡ ಅಜ್ಜಯ್ಯನ ಹೆಸರಿನಲ್ಲಿಯೇ ಉಳಿದು, ಮಕ್ಕಳು ಮುಂಬಯಿ ಬೆಂಗಳೂರುಗಳ ಪಾಲಾಗಿ, ಊರಿನಲ್ಲಿ ನಿಂತ ಸೊಸೆಯೊಬ್ಬಳೇ ನಟ್ಟಿಯನ್ನೂ ಕೊಯ್ಲನ್ನೂ ಮಾಡಿಸುತ್ತಿರುವ ಮನೆಗಳು ಇಲ್ಲಿ ವಿರಳವಲ್ಲ. ಅಂತಹ ಮನೆ ದಾಖಲೆಯ ದೃಷ್ಟಿಯಲ್ಲಿ ಬೇಸಾಯವನ್ನೇ ಮಾಡದ ಮನೆಯಾಗಿಬಿಡುತ್ತದೆ.

ಇದಕ್ಕೆ ಚಾರಿತ್ರಿಕ ಕಾರಣವೂ ಉಂಟು. 1961ರ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರಕಾರದಲ್ಲಿ ನಿಹಿತವಾಗಿ, ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರಿಗೆ ಭೂನ್ಯಾಯಮಂಡಳಿಯು ಅಧಿಭೋಗದ ಹಕ್ಕನ್ನು ಕೊಟ್ಟಿತು. ಊರಿನವರು ‘ಡಿಕ್ಲರೇಷನ್ ಜಾಗ’ ಎನ್ನುವುದು ಇದನ್ನೇ. ಅಂದು ಅರ್ಜಿ ಹಾಕಿದ ಯಜಮಾನನ ಹೆಸರಿಗೆ ಬಂದ ಭೂಮಿ ಎಷ್ಟೋ ಕಡೆ ಇಂದಿಗೂ ಅದೇ ಹೆಸರಿನಲ್ಲಿದೆ.

ಪೌತಿ ಖಾತೆಯ ಕ್ರಮ

ಮೊದಲು ಪಹಣಿಯ ಪ್ರತಿಯೊಂದನ್ನು ತೆಗೆದುಕೊಂಡು, 9ನೆಯ ಕಾಲಮಿನಲ್ಲಿ ಭೂಮಿಯ ಒಡೆತನ ಯಾರ ಹೆಸರಿನಲ್ಲಿದೆ, 11ನೆಯದರಲ್ಲಿ ಯಾವ ಸಾಲ ಅಥವಾ ಋಣಭಾರವಿದೆ, 12ನೆಯದರಲ್ಲಿ ಸಾಗುವಳಿದಾರನೆಂದೂ ಬೆಳೆಯೆಂದೂ ಏನು ಬರೆದಿದೆ ಎಂಬುದನ್ನು ಓದಿಕೊಳ್ಳತಕ್ಕದ್ದು. 1964ರ ಭೂಕಂದಾಯ ಕಾಯಿದೆಯ 133ನೆಯ ಕಲಮು ಈ ನಮೂದುಗಳನ್ನು, ತಪ್ಪೆಂದು ಸಿದ್ಧವಾಗುವವರೆಗೆ, ಸತ್ಯವೆಂದೇ ಭಾವಿಸುತ್ತದೆ.

ಖಾತೆದಾರನು ತೀರಿಕೊಂಡಲ್ಲಿ, 128ನೆಯ ಕಲಮಿನಂತೆ ವಾರಸುದಾರರು ಮೂರು ತಿಂಗಳೊಳಗೆ ವರದಿ ಮಾಡಬೇಕು. ಅವಧಿ ಮೀರಿದ ಮಾತ್ರಕ್ಕೆ ಹಕ್ಕು ನಷ್ಟವಾಗುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಪ್ರತಿ ಮತ್ತು ಪಹಣಿಯೊಡನೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ನೋಟೀಸು ಹೊರಟು, ಆಕ್ಷೇಪಣೆ ಇಲ್ಲದಿದ್ದಲ್ಲಿ ವಾರಸುದಾರರ ಹೆಸರಿಗೆ ಹಕ್ಕು ಬದಲಾವಣೆ ನಡೆಯುತ್ತದೆ; ಪೌತಿ ಖಾತೆ ಎನ್ನುವುದು ಇದನ್ನೇ. ಬೈಂದೂರಿನ ಗ್ರಾಮಗಳ ಹಳೆಯ ಕಡತಗಳಲ್ಲಿ ಕುಂದಾಪುರ ತಾಲೂಕು ಎಂದೂ, ಬ್ರಹ್ಮಾವರದವುಗಳಲ್ಲಿ ಉಡುಪಿ ತಾಲೂಕು ಎಂದೂ ಬರೆದಿರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆ ತಾಲೂಕುಗಳು ಈಚೆಗೆ ರಚಿತವಾದವು.

ವಂಶವೃಕ್ಷದಲ್ಲಿ ಯಾರನ್ನೂ ಬಿಡಕೂಡದು. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಉಯಿಲು ಬರೆಯದೆ ತೀರಿಕೊಂಡವನ ಪಾಲಿಗೆ ತಾಯಿ, ಹೆಂಡತಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳು ಸಮಾನ ವಾರಸುದಾರರು. ಮದುವೆಯಾಗಿ ಹೋದವಳೆಂಬ ಕಾರಣಕ್ಕೆ ಮಗಳ ಹೆಸರನ್ನು ಮರೆಮಾಚಿದ ವಂಶವೃಕ್ಷವು ಮುಂದೊಂದು ದಿನ ವ್ಯಾಜ್ಯಕ್ಕೆ ಬೀಜವಾಗುತ್ತದೆ. ಅಳಿಯಸಂತಾನ ಕಟ್ಟಿನ ಮನೆಗಳ ಕುಟುಂಬದ ಆಸ್ತಿಗೆ ವಿಶೇಷ ನಿಯಮಗಳಿರುವುದರಿಂದ ಮೊದಲೇ ವಕೀಲರನ್ನು ಕೇಳುವುದು ಲೇಸು. ಎಲ್ಲರ ಹೆಸರೂ ಜಂಟಿಯಾಗಿ ಸೇರುವುದಕ್ಕೆ ಯಾರೂ ತಮ್ಮ ಹಕ್ಕನ್ನು ಬಿಡಬೇಕಾಗಿಲ್ಲ. ಒಬ್ಬರ ಹೆಸರಿಗೇ ಆಗಬೇಕಾದರೆ ಉಳಿದವರು ನೋಂದಾಯಿತ ಹಕ್ಕುಬಿಡುಗಡೆ ಪತ್ರವನ್ನೋ ಪಾಲುಪಟ್ಟಿಯನ್ನೋ ಮಾಡಿಕೊಡಬೇಕು.

ಹೆಸರಿನ ಹಿಂದೆ ಬರುವ ನೆರವು

ಖಾತೆ ಬದಲಾದೊಡನೆ ರೈತ ಸಂಪರ್ಕ ಕೇಂದ್ರದಲ್ಲಿ, ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆಯನ್ನು ಮಾಡಿಸಿ, ತನ್ನ ಎಲ್ಲ ಸರ್ವೆ ನಂಬರುಗಳನ್ನೂ ಅದಕ್ಕೆ ಸೇರಿಸತಕ್ಕದ್ದು. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಸಹಾಯಕ್ಕೆ 2019ರ ಫೆಬ್ರವರಿ 1ರಂದು ಭೂಮಿ ಹೆಸರಿನಲ್ಲಿರಬೇಕೆಂಬ ನಿಯಮವಿದ್ದರೂ, ಒಡೆಯನ ಮರಣದಿಂದ ವಾರಸಾಗಿ ಭೂಮಿ ಪಡೆದವರಿಗೆ ಅದರಿಂದ ವಿನಾಯಿತಿಯುಂಟು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯನಾದವನಿಗೆ, ಗಡುವಿನೊಳಗೆ ಮರುಪಾವತಿ ಮಾಡುವ ಶರತ್ತಿನ ಮೇಲೆ, 5 ಲಕ್ಷ ರೂಪಾಯಿಯವರೆಗಿನ ಅಲ್ಪಾವಧಿ ಬೆಳೆಸಾಲ ಬಡ್ಡಿಯಿಲ್ಲದೆ ದೊರೆಯತಕ್ಕದ್ದೆಂದು 2023ರಲ್ಲಿ ರಾಜ್ಯ ಸರಕಾರವು ಮಿತಿಯನ್ನು ಏರಿಸಿದೆ.

ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಭತ್ತಕ್ಕೆ ರೈತನು ತೆರುವ ಕಂತು ವಿಮಾ ಮೊತ್ತದ ಶೇಕಡಾ 2. ಹವಾಮಾನಾಧಾರಿತ ವಿಮೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿಗೆ ಶೇಕಡಾ 5. ಇಲ್ಲಿ ಬಹುಜನರು ಅರಿಯದ ಒಂದು ಹಕ್ಕಿದೆ: ಕೊಯ್ದ ಭತ್ತವನ್ನು ಗದ್ದೆಯಲ್ಲಿ ಒಣಗಲು ಹರಡಿದ್ದಾಗ ಅಕಾಲದ ಮಳೆ ಸುರಿದು ಪೈರು ಮೊಳೆತುಹೋದರೆ, ಕೊಯ್ಲಾದ 14 ದಿನಗಳವರೆಗಿನ ಆ ನಷ್ಟವೂ ವಿಮೆಗೆ ಒಳಪಡುತ್ತದೆ, ಆದರೆ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೋ ಕೃಷಿ ಇಲಾಖೆಗೋ ಬ್ಯಾಂಕಿಗೋ ತಿಳಿಸಿ, ಸರ್ವೆ ನಂಬರನ್ನೂ ಹಾನಿಯ ಚಿತ್ರವನ್ನೂ ಒದಗಿಸಬೇಕು. ವಿಮೆ ಮಾಡಿಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಬೇರೆಯಾದರೆ ಪರಿಹಾರ ತಪ್ಪುವುದರಿಂದ, ಬೆಳೆ ದರ್ಶಕ್ ಆ್ಯಪಿನಲ್ಲಿ ಅದನ್ನು ನೋಡಿ, ತಪ್ಪಿದ್ದಲ್ಲಿ ಕಾಲಮಿತಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.

ಬಾಯಿಮಾತಿನ ಗೇಣಿಗೆ ಇತರರ ಗದ್ದೆ ಮಾಡುವವರ ಸ್ಥಿತಿ ಮಾತ್ರ ದುಃಖಕರವಾದುದು. ಭೂಸುಧಾರಣಾ ಕಾಯಿದೆಯ 5ನೆಯ ಕಲಮು ಗೇಣಿಗೆ ಕೊಡುವುದನ್ನೇ ಸಾಮಾನ್ಯವಾಗಿ ನಿಷೇಧಿಸಿರುವುದರಿಂದ, ಅವರ ಶ್ರಮಕ್ಕೆ ಯಾವ ಕಾಗದವೂ ಸಾಕ್ಷಿಯಾಗಲಾರದು. ಹಡಿಲು ಬಿದ್ದ ಗದ್ದೆಗಳನ್ನು ಹಸಿರಾಗಿಸುತ್ತಿರುವವರು ಇವರೇ ಆದುದರಿಂದ, ಶಾಸನಕರ್ತರು ಇವರ ಕಡೆಗೆ ಗಮನವೀಯುವುದು ಅತ್ಯವಶ್ಯಕ.

ತಡವಾದರೆ, ತಿರಸ್ಕೃತವಾದರೆ

ಅರ್ಜಿ ಯಾವುದೇ ಇರಲಿ, ಸ್ವೀಕೃತಿ ಪಡೆಯದೆ ಮರಳಕೂಡದು. 2011ರ ಸಕಾಲ ಕಾಯಿದೆಗೆ ಒಳಪಟ್ಟ ಸೇವೆ ತಡವಾದರೆ ಮೇಲ್ಮನವಿಗೆ ಅವಕಾಶವಿದ್ದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ವೆಚ್ಚವೂ ಸಲ್ಲುತ್ತದೆ. ಹಕ್ಕು ಬದಲಾವಣೆಯ ಆದೇಶ ಸರಿಯಲ್ಲವೆಂದು ತೋರಿದಲ್ಲಿ 136ನೆಯ ಕಲಮಿನಂತೆ ಕುಂದಾಪುರದ ಉಪವಿಭಾಗಾಧಿಕಾರಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಒಡೆತನವೇ ವಿವಾದಗ್ರಸ್ತವಾದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಪಹಣಿಯ ನಮೂದು ಸ್ವತಃ ಒಡೆತನವನ್ನು ಹುಟ್ಟಿಸುವುದಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ, ಸ್ತ್ರೀಯರು ಮತ್ತು ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಮಿತಿಯಿಲ್ಲದೆಯೂ, ಇತರರು ನಿಗದಿತ ಮಿತಿಯೊಳಗೂ, ಉಚಿತ ನೆರವಿಗೆ ಅರ್ಹರು. ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.

ಪರವೂರಿನ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಹಬ್ಬಕ್ಕೋ ಬೇಸಿಗೆ ರಜೆಗೋ ಊರಿಗೆ ಬಂದಾಗ, ಹೊರಡುವ ಮುನ್ನ ಒಂದು ದಿನವನ್ನು ನಾಡಕಚೇರಿಗೆಂದು ಮೀಸಲಿಟ್ಟು, ವಂಶವೃಕ್ಷಕ್ಕೂ ಅರ್ಜಿಗೂ ಬೇಕಾದ ಕಾಗದಗಳನ್ನು ಕೊಟ್ಟು ಹೋಗಲಿ; ಊರಿನಲ್ಲಿ ಗದ್ದೆಯನ್ನು ಉಳಿಸಿಕೊಂಡು ಬಂದ ಆ ಸೊಸೆಗೆ ಮನೆಯವರು ಮಾಡಬಹುದಾದ ನಿಜವಾದ ಉಪಕಾರ ಅದೇ.