ಮಡಚುವ ಫೋನಿನ ಲೆಕ್ಕ

"ಇಷ್ಟು ರೊಕ್ಕ ಕೊಟ್ಟಿದ್ದಕ್ಕ ಸಾರ್ಥಕ ಆತೇನ್ರಿ?" ನನ್ನ ಮಡಚುವ ಫೋನು ಕಂಡವರೆಲ್ಲ ಕೇಳುವುದು ಇದನ್ನೇ. ಕಲಬುರಗಿಯ ಎರಡು ಬೇಸಿಗೆ ಕಂಡಿರುವ ಈ ಫೋನಿನ ಬಗ್ಗೆ ಈಗ ಒಂದಿಷ್ಟು ಧೈರ್ಯವಾಗಿ ಹೇಳಬಲ್ಲೆ: ಓದಲು ಕೂತಾಗ ಸಾರ್ಥಕ, ಬೀದಿಗೆ ಇಳಿದಾಗ ತಲೆನೋವು.

ಈ ಬಗೆಯ ಫೋನು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತ್ತು. 2019ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಫೋಲ್ಡ್ ತೋರಿಸಿದಾಗ ಬೆಲೆ 1,980 ಡಾಲರ್. ಏಪ್ರಿಲ್‌ನಲ್ಲಿ ವಿಮರ್ಶಕರ ಕೈ ಸೇರಿದ ಕೆಲವು ಫೋನುಗಳ ಪರದೆ ನಾಲ್ಕಾರು ದಿನಗಳಲ್ಲೇ ಕೆಟ್ಟಿತು. ಕೆಲವರು ಮೇಲಿನ ಪದರವನ್ನು ಮಾಮೂಲಿ ಸ್ಕ್ರೀನ್‌ಗಾರ್ಡ್ ಎಂದುಕೊಂಡು ಸುಲಿದಿದ್ದರು. ಮಡಚುವ ಕೀಲಿನ, ಅಂದರೆ ಹಿಂಜ್‌ನ, ಸಂದಿಯಿಂದ ಕಸ ನುಗ್ಗಿದ್ದೂ ಉಂಟು. ತಿದ್ದುಪಡಿ ಮಾಡಿ ಮಾರಾಟಕ್ಕೆ ಬಿಟ್ಟದ್ದು ಸೆಪ್ಟೆಂಬರ್‌ನಲ್ಲಿ. ಭಾರತದಲ್ಲಿ ಅದರ ಬೆಲೆ 1,64,999 ರೂಪಾಯಿ. ಹೊಸ ಬಗೆಯ ಯಂತ್ರವನ್ನು ಮೊದಲ ವರ್ಷವೇ ಕೊಂಡವನು ಸಂಬಳವಿಲ್ಲದ ಪರೀಕ್ಷಕ ಎಂದು ಆಗಲೇ ಅನ್ನಿಸಿತ್ತು. ಹಾಗಾಗಿ ಕಾದೆ. ಹಲವು ಕಂಪನಿಗಳು ಇಂಥ ಫೋನು ತಂದ ಮೇಲೆ ಅವುಗಳಲ್ಲೊಂದನ್ನು ಕೊಂಡೆ.

ಜಾಹೀರಾತಿನ ಅಂಕಿಗಳು ಸುಳ್ಳಾಗಿರಲಿಲ್ಲ. ಎರಡು ಲಕ್ಷ ಸಲ ಮಡಚಿದರೂ ಹಿಂಜ್ ತಾಳುತ್ತದೆ ಎಂದಿದ್ದರು. ದಿನಕ್ಕೆ ನೂರು ಸಲವೆಂದರೂ ಐದು ವರ್ಷ ದಾಟುತ್ತದೆ. ಆದರೆ ಆ ಪರೀಕ್ಷೆಯ ಯಂತ್ರ ಬಿಸಿಲಲ್ಲಿ ಬೈಕಿನ ಮೇಲೆ ತಿರುಗುವುದಿಲ್ಲ. ಪೆಟ್ಟಿಗೆಯ ಮೇಲೆ 'ಐಪಿಎಕ್ಸ್8' ಎಂದಿತ್ತು. ಕೊನೆಯ 8 ನೀರಿನ ರಕ್ಷಣೆಯದು. ಎಕ್ಸ್ ಕೂತಿರುವುದು ಧೂಳಿನ ಅಂಕಿ ಬರಬೇಕಾದ ಜಾಗದಲ್ಲಿ. ಅಂದರೆ ಧೂಳಿನ ಬಗ್ಗೆ ಕಂಪನಿ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಮಾಮೂಲಿ ದುಬಾರಿ ಫೋನುಗಳ ಐಪಿ68ರಲ್ಲಿ ಆ ಜಾಗದ 6, ಧೂಳು ಒಳಗೆ ಹೋಗದು ಎನ್ನುತ್ತದೆ. ಈಚಿನ ಕೆಲವು ಮಡಚುವ ಫೋನುಗಳದು ಐಪಿ48. ಆ 4 ತಡೆಯುವುದು ಒಂದು ಮಿಲಿಮೀಟರಿಗಿಂತ ದಪ್ಪನೆಯ ಕಣಗಳನ್ನು ಮಾತ್ರ. ನಮ್ಮ ಎರೆಮಣ್ಣಿನ ಧೂಳೋ, ಜರಡಿ ಹಿಡಿದ ಹಿಟ್ಟಿನಷ್ಟು ನುಣ್ಣಗೆ.

ಎರಡನೆಯ ಬೇಸಿಗೆಯಲ್ಲಿ ಮಡಿಕೆಯ ಉದ್ದಕ್ಕೂ ಒಳಪರದೆಯ ಪದರ ಉಬ್ಬಿ ಎದ್ದಿತು. ಊರಿನ ಸರ್ವಿಸ್ ಸೆಂಟರಿನವರು "ಇದು ಇಲ್ಲಿ ಆಗಲ್ಲ ಸರ್, ಹೈದರಾಬಾದಿಗೆ ಕಳಸಬೇಕು" ಎಂದರು. ಪದರವಷ್ಟೇ ಬದಲಾಗಿ ಬಂತು. ಪರದೆಯೇ ಹೋದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಹೇಳಿದ ಮೊತ್ತಕ್ಕೆ ಒಳ್ಳೆಯದೊಂದು ಹೊಸ ಫೋನೇ ಬರುತ್ತಿತ್ತು.

ಹಾಗಾದರೆ ಇದನ್ನು ಮಾರಿಬಿಡಲಿಲ್ಲವೇಕೆ? ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿಂದಾಗಿ. ಮಾಮೂಲಿ ಫೋನಿನಲ್ಲಿ ಅಂಥ ಪುಟವನ್ನು ಹಿಗ್ಗಿಸಿ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಸರಿಸಬೇಕು. ಒತ್ತಕ್ಷರಗಳು ಕಣ್ಣಿಗೆ ಹತ್ತುವುದೇ ಇಲ್ಲ. ಇದರಲ್ಲಿ ಇಡೀ ಪುಟ ಒಂದೇ ನೋಟಕ್ಕೆ ಸಿಗುತ್ತದೆ. ಬೀದರ್ ರೈಲಿನಲ್ಲಿ ಕೂತು ಅಡಿಟಿಪ್ಪಣಿಯನ್ನೂ ಬಿಡದೆ ಓದಿದ್ದೇನೆ. ಸಿನಿಮಾಕ್ಕೆ ಮಾತ್ರ ಅಂಥ ಲಾಭವಿಲ್ಲ. ಒಳಪರದೆ ಹೆಚ್ಚುಕಡಿಮೆ ಚೌಕಾಕಾರ, ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿಗಳು. ಮನರಂಜನೆಯೆಂದು ಕೊಂಡವರಿಗೆ ಅಷ್ಟು ದುಡ್ಡಿನ ಸುಖ ಸಿಗುವುದಿಲ್ಲ.

ಫೋನು ಆರಿಸುವಾಗ ಕ್ಯಾಮೆರಾ ನೋಡುವ ನನ್ನ ಪದ್ಧತಿಯೂ ಬದಲಾಗಿದೆ. 108 ಮೆಗಾಪಿಕ್ಸೆಲ್ ಎಂಬ ಫೋನು ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಮಂದ ಬೆಳಕಿಗೆ ಅದು ಒಳ್ಳೆಯದೇ. ಆದರೆ ಬರೀ ಮೆಗಾಪಿಕ್ಸೆಲ್ ಅಂಕಿಗಾಗಲಿ, ಅಂಗಡಿಯ ಝಗಮಗ ದೀಪದಡಿ ತೆಗೆದ ಫೋಟೋಕ್ಕಾಗಲಿ ನಾನು ಮರುಳಾಗುವುದಿಲ್ಲ. ಸಂಜೆ ಹೊತ್ತು ಮನೆಯೊಳಗೆ ಓಡಾಡುವ ಮಗುವನ್ನು ಹೇಗೆ ಹಿಡಿಯುತ್ತದೆ ಎಂದು, ಅದೇ ಫೋನಿರುವ ಪರಿಚಯದವರ ಮನೆಯಲ್ಲಿ ನೋಡುತ್ತೇನೆ.

ಈಗ ಯಾರಾದರೂ ಸಲಹೆ ಕೇಳಿದರೆ, ನಿಮ್ಮ ಹಳೆಯ ಫೋನಿನಲ್ಲಿ ನಿತ್ಯ ಅಡ್ಡಿಯಾಗುವ ಕೆಲಸ ಯಾವುದು ಎಂದು ಮೊದಲು ಕೇಳುತ್ತೇನೆ. ಹೊಸದು ಆ ಅಡ್ಡಿ ತೆಗೆಯದಿದ್ದರೆ ಉಳಿದದ್ದೆಲ್ಲ ತಿಂಗಳೊಪ್ಪತ್ತಿನ ಸಡಗರ. ತೆಗೆಯುತ್ತದೆ ಎಂದಾದರೆ ಅಂಗಡಿಗೆ ಹೋಗುವ ಮೊದಲು ಸರ್ವಿಸ್ ಸೆಂಟರಿಗೆ ಹೋಗಿ, ಪರದೆ ಬದಲಿಸಲು ಎಷ್ಟು, ಎಲ್ಲಿ, ಎಷ್ಟು ದಿನ ಎಂದು ವಿಚಾರಿಸಿ. ಆ ಮೊತ್ತವನ್ನು ಬೆಲೆಗೆ ಕೂಡಿಸಿದ ಮೇಲೂ ಬೇಕೆನ್ನಿಸಿದರೆ ಕೊಳ್ಳಿ. ನಾನು ಕೂಡಿಸಿ ನೋಡಿದೆ. ಮುಂದಿನ ಫೋನು ಮಾಮೂಲಿಯದು, ಓದಲಿಕ್ಕೆ ಬೇರೆ ಟ್ಯಾಬ್ಲೆಟ್.